ಅಜ್ಜಿ, ಕಾಲು ನೀಡು

ಕುಣಿಗಲ್‌ನಿಂದ ಹುಲಿಯೂರುದುರ್ಗಕ್ಕೆ ಹೋಗೋ ಬಸ್ಸು. ನನ್ನ ಹಿಂದಿನ ಸೀಟಲ್ಲಿ ಒಬ್ಬ ಅಜ್ಜಿ, ಅವರ ದಪ್ಪ ಮೊಮ್ಮಗ, ಕಿಟಕಿ ಪಕ್ಕ ಪರಿಚಯವಿಲ್ಲದ ಹೆಂಗಸು.

"ಮೊಮ್ಮಗ ಎಷ್ಟನೇ ಕ್ಲಾಸು ಅಜ್ಜಿ?" ಹೆಂಗಸು ಕೇಳಿದರು.

"ಯಾವ ಕ್ಲಾಸವ್ವ. ಇನ್ನೂ ಎರಡೂವರೆ ವರ್ಷ. ಕಕ್ಕಕ್ಕೆ ಕೂರೋದೇ ಕಲ್ತಿಲ್ಲ."

"ಮಕ್ಳನ್ನ ಕೂರ್ಸೋ ಪ್ಲಾಸ್ಟಿಕ್ ಪಾಟಿ ಸೀಟು ಸಿಗುತ್ತಲ್ಲ?"

"ಸೊಸೆ ತರ್ಸಿದ್ಲು, ಬಾತುಕೋಳಿ ಥರದ್ದು. ಕೂತ. ಎದ್ರೆ ಬಾತುಕೋಳಿನೂ ಅಂಟ್ಕೊಂಡೇ ಎದ್ದು ಬಂತು. ಹಂಗೇ ಪಕ್ಕದ ಮನೆಗೋಗಿ ತೋರಿಸ್ಕೊಂಡು ಬಂದ."

"ಈಗೆಂಗೆ ಮತ್ತೆ?"

"ಎಳೆ ಕೂಸಿಗೆ ಮಾಡ್ದಂಗೇ. ನಾನು ಕಾಲು ನೀಡ್ಕೊಂಡು ಕೂತು, ಪಾದದ ಮೇಲೆ ಕೂರಿಸ್ಕೊಳ್ಳೋದು. ಬೇರೆಲ್ಲೂ ಮಾಡಲ್ಲ."

"ಎಷ್ಟು ತೂಕ ಅವ್ನೆ?"

"ಹದಿನೆಂಟು ಕೆಜಿ. ಅವನು ಮುಗ್ಸೋ ಹೊತ್ಗೆ ನನ್ನ ಕಾಲು ಜೋಮು ಹಿಡ್ದಿರುತ್ತೆ."

ಅಷ್ಟರಲ್ಲಿ ಹುಡುಗ ಸೀಟಿಂದ ಇಳಿದು ಅಜ್ಜಿಯ ಮಂಡಿ ತಟ್ಟಿದ. "ಅಜ್ಜಿ, ಕಾಲು ನೀಡು."

"ಕಂಡಕ್ಟ್ರೇ, ಬಸ್ ನಿಲ್ಸಪ್ಪ, ಮಗೀಗೆ ಅರ್ಜೆಂಟು."

"ಇಷ್ಟು ದೊಡ್ಡೋನು ಸ್ಟಾಪ್ ಗಂಟ ತಡ್ಕೊಳ್ಳಲ್ವಾ?"

"ಎರಡೂವರೆ ವರ್ಷ ಕಣ್ರೀ ಅವನಿಗೆ," ಆ ಹೆಂಗಸೇ ಗದರಿದರು.

ಬಸ್ಸು ನಿಂತಿತು. ಹುಡುಗನ ಕೈ ಹಿಡಿದು ರಸ್ತೆಬದಿಯ ಹುಲ್ಲಿನ ಕಡೆ ಓಡುತ್ತಲೇ ಅಜ್ಜಿ ತಿರುಗಿ ಕೂಗಿದರು.

"ಕಂಡಕ್ಟ್ರೇ, ಐದು ನಿಮಿಷ ಬಿಟ್ಟು ಬಾರಪ್ಪ. ಅವನು ಎದ್ದೇಳ್ತಾನೆ, ನನ್ನ ಎಬ್ಸೋಕೆ ಒಬ್ರು ಬೇಕು."