ಏಳರಿಂದ ಎಂಟು: ನೋಡುಗರು ಒಬ್ಬರು

ತಿಮ್ಮಣ್ಣ ತಂದೆ ಮಲ್ಕಪ್ಪ, ವಯಸ್ಸು 36 ವರ್ಷ, ಉದ್ಯೋಗ: ಕಾಲುವೆ ನೀರು ಬಳಕೆದಾರರ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್, ಸಾ: ಶಹಾಪುರ. ಯಾರೂ ಕರೆಯದೆ ಎರಡನೇ ಸಲ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಊರಿನಿಂದ 4 ಕಿ.ಮೀ. ದೂರದ ಉಪಕಾಲುವೆ ಗೇಟಿನ ಕಂಬಕ್ಕೆ ಕಳೆದ ವರ್ಷ ಸಂಘದವರು ಒಂದು ವೆಬ್‌ಕ್ಯಾಮ್ ಹಾಕಿಸಿದರು. ಯಾರ ಪಾಳಿಯಲ್ಲಿ ಗೇಟು ಎಷ್ಟು ಹೊತ್ತು ತೆರೆದಿತ್ತು ಎಂಬ ತಕರಾರು ರೈತರಲ್ಲಿ ಬರಬಾರದೆಂದು. ಅದರ ಚಿತ್ರ ಮತ್ತು ಧ್ವನಿ ಸಂಘದ ಕೋಣೆಯಲ್ಲಿರುವ ಸರ್ವರ್‌ಗೆ ಬರುತ್ತವೆ. ರೆಕಾರ್ಡಿಂಗ್ ಶುರು ಮಾಡುವುದು, ನಿಲ್ಲಿಸುವುದು ನನ್ನ ಕೆಲಸ. ರೆಕಾರ್ಡಿಂಗ್ ನಿಲ್ಲಿಸಿದರೆ ಚಿತ್ರ, ಧ್ವನಿ ಏನೂ ಉಳಿಯುವುದಿಲ್ಲ. ಆದರೆ ನೇರ ಪ್ರಸಾರ ನಡೆದೇ ಇರುತ್ತದೆ. ಕೋಣೆಯಲ್ಲಿ ಕುಳಿತವರಿಗೆ ಕಾಣುತ್ತದೆ, ಕೇಳುತ್ತದೆ.

ಗೇಟಿನಿಂದ 60 ಅಡಿ ಕೆಳಗೆ ಹೆಂಗಸರು ಬಟ್ಟೆ ಒಗೆಯುವ ಮೆಟ್ಟಿಲುಗಳಿವೆ. ಕಂಬದ ಮೇಲಿನ ಕ್ಯಾಮೆರಾಕ್ಕೆ ಅವೂ ಕಾಣುತ್ತವೆ, ಅಲ್ಲಿಯ ಮಾತೂ ಕೇಳುತ್ತದೆ. ಜುಲೈ 25ರಂದು ಅನ್ವರಬಿ ಗಂಡ ವಹಾಬ ಎಂಬುವರು ನಾಲ್ಕು ಜನ ಹೆಂಗಸರೊಂದಿಗೆ ಕೋಣೆಗೆ ಬಂದರು. ಮನೆಯಲ್ಲಿ ಆಡಲಾಗದ ಮಾತು ಆಡಲು ತಮಗಿರುವುದು ಅದೊಂದೇ ಜಾಗ, ಅದೂ ಸಂಘದವರ ಡಬ್ಬಿಗೆ ಬಿದ್ದರೆ ಎಲ್ಲಿಗೆ ಹೋಗಬೇಕೆಂದು ಕೇಳಿದರು. ಜೊತೆಗಿದ್ದ ಅಂಬವ್ವ, ಸುಮಾರು 55 ವರ್ಷ, ಈ ಕ್ಯಾಮೆರಾ ಯಾರ ಮನೆಯ ಅಳಿಯ, ನಾವು ಸೆರಗು ಹೊದ್ದು ಮಾತಾಡಲು, ಎಂದು ಎಲ್ಲರನ್ನೂ ನಗಿಸಿದರು. ದಿನಾ ಬೆಳಿಗ್ಗೆ 7ರಿಂದ 8ರವರೆಗೆ ಬಂದ್ ಇಡುತ್ತೇನೆಂದು ಮಾತು ಕೊಟ್ಟೆ.

ಮರುದಿನದಿಂದ ಆ ಒಂದು ತಾಸು ರೆಕಾರ್ಡಿಂಗ್ ನಿಲ್ಲಿಸಿದೆ. ಕೋಣೆಯ ಸ್ಪೀಕರ್ ನಿಲ್ಲಿಸಲಿಲ್ಲ. ಮೊದಲ ದಿನ ಮರೆತಿದ್ದೆ. ಎರಡನೇ ದಿನ ಮರೆತಿರಲಿಲ್ಲ. ಕದ ಹಾಕಿಕೊಂಡು ಕೇಳುತ್ತಿದ್ದೆ. ಮೇಜಿನ ಮೇಲೆ ಅನುವಾದದ ಕಾದಂಬರಿಯೊಂದು ತೆರೆದಿರುತ್ತಿತ್ತು. ಎರಡು ವಾರ ಅದು 112ನೇ ಪುಟದಲ್ಲೇ ಇತ್ತು.

ಆಗಸ್ಟ್ 10ರಂದು ಬೆಳಿಗ್ಗೆ ಉಳಿದವರು ಕಳೆ ತೆಗೆಯಲು ಹೋಗಿದ್ದರಿಂದ ಮೆಟ್ಟಿಲಲ್ಲಿ ಅಂಬವ್ವ ಒಬ್ಬರೇ ಇದ್ದರು. 7-38ಕ್ಕೆ ಗೇಟ್‌ಮ್ಯಾನ್ ಮರಿಲಿಂಗಪ್ಪ ಬಂದನು. ಗೇಟಿನ ಚಕ್ರದ ಬಳಿ ನಿಂತವರಿಗೆ ಗೋಡೆ ಅಡ್ಡವಾಗಿ ಮೆಟ್ಟಿಲು ಕಾಣುವುದಿಲ್ಲ. ಆದ್ದರಿಂದ ಅವನು ಮೂರು ಸಲ ಕೂಗಿ, ಕೆಳಗಿನಿಂದ ಉತ್ತರ ಬಂದ ಮೇಲೆಯೇ ಚಕ್ರ ಮುಟ್ಟುವುದು ರೂಢಿ. ಆ ದಿನವೂ ಮೂರು ಸಲ ಕೂಗಿದನು. ಮೂರನೇ ಸಲ ಹೇಳಿದ್ದು: "ಅತ್ತಿ, ನೀರು ಬಿಡಾಕತ್ತೇನಿ. ಮ್ಯಾಲ ಬಂದಿಯೇನು?"

ಅಂಬವ್ವ ಹೇಳಿದ್ದು: "ಬಂದೇನಿ ಬಿಡಪ್ಪ. ನೀರಿಗಿಂತ ನಿನ್ನ ಬಾಯೇ ಜೋರೈತಿ."

7-41ಕ್ಕೆ ಅವನು ಚಕ್ರ ತಿರುಗಿಸತೊಡಗಿದನು. ಮೇಲೆ ಬಂದಿದ್ದ ಅಂಬವ್ವ 7-43ಕ್ಕೆ ಬುಟ್ಟಿ ಕೆಳಗಿಟ್ಟು ಮತ್ತೆ ಇಳಿದರು. ಕೊನೆಯ ಮೆಟ್ಟಿಲಲ್ಲಿ ಒಂದು ಕೌದಿ ಉಳಿದಿತ್ತು. ನಾನು ನೋಡಿದೆ. ಮರಿಲಿಂಗಪ್ಪನ ನಂಬರು ನನ್ನಲ್ಲಿತ್ತು. ಫೋನ್ ಕೈಗೆ ತೆಗೆದುಕೊಂಡೆ. ನಿನಗೆ ಹೇಗೆ ಗೊತ್ತಾಯಿತೆಂದು ಕೇಳಿದರೆ ಏನು ಹೇಳುವುದೆಂದು ಯೋಚಿಸಿದೆ. ಯೋಚನೆಗೆ ಸುಮಾರು ಹತ್ತು ಸೆಕೆಂಡು ಹಿಡಿಯಿತು. ಅಷ್ಟರಲ್ಲಿ ಮೆಟ್ಟಿಲು ಖಾಲಿಯಾಗಿತ್ತು.

ಅವರನ್ನು 200 ಮೀಟರ್ ಕೆಳಗೆ ಸೇತುವೆ ಬಳಿ ಎತ್ತಿದರು. ಆಸ್ಪತ್ರೆಯಲ್ಲಿ ಇನ್ನೂ ಎಚ್ಚರವಾಗಿಲ್ಲ. ಮರಿಲಿಂಗಪ್ಪ ಕೂಗದೆ ಗೇಟು ಎತ್ತಿದನೆಂದು ಅವರ ಮಗ ಅಂಬ್ರಪ್ಪ ದೂರು ಕೊಟ್ಟಿದ್ದಾನೆ. ಅದೇ ದಿನ ಮಧ್ಯಾಹ್ನ 3 ಗಂಟೆಗೆ ನಾನು ಕೊಟ್ಟ ಹೇಳಿಕೆಯಲ್ಲಿ, ಆ ಹೊತ್ತಿಗೆ ಕ್ಯಾಮೆರಾ ಬಂದ್ ಇತ್ತು, ನನಗೇನೂ ತಿಳಿಯದು ಎಂದು ಹೇಳಿದ್ದೆ. ಅದು ಸುಳ್ಳು. 11ರಂದು ಮರಿಲಿಂಗಪ್ಪನನ್ನು ಪೊಲೀಸರು ಕರೆದೊಯ್ದರು. ಅಂಬವ್ವನನ್ನು ಬಿಟ್ಟರೆ ಅವನು ಕೂಗಿದ್ದನ್ನು ಕೇಳಿದವನು ನಾನೊಬ್ಬನೇ.

ಅವನ ಕೂಗು ಎಲ್ಲಿಯೂ ಉಳಿದಿಲ್ಲ. ಸರ್ವರ್‌ನಲ್ಲಿ ಉಳಿದಿರುವ ದಾಖಲೆಯ ಪ್ರತಿ ತಂದಿದ್ದೇನೆ. ಅದರಲ್ಲಿ ಆ ದಿನ 7ರಿಂದ 8ರವರೆಗೆ ರೆಕಾರ್ಡಿಂಗ್ ಇಲ್ಲ, ನೇರ ಪ್ರಸಾರ ಇದೆ, ನೋಡುಗರು ಒಬ್ಬರು ಎಂದಿದೆ. ಹಿಂದಿನ ಹದಿನೈದು ದಿನಗಳಿಗೂ ಹಾಗೆಯೇ ಇದೆ. ಆ ಒಬ್ಬ ನಾನು.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದರು. ಹೊರಗೆ ಬೆಂಚಿನ ಮೇಲೆ ಅನ್ವರಬಿ ಕುಳಿತಿದ್ದರು, ಬಾಗಿಲು ತೆರೆದಿತ್ತು. ಮೆಲ್ಲಗೆ ಓದಿರೆಂದು ನಾನು ಕೇಳಲಿಲ್ಲ. ನಾನು ಹೇಳಿದಂತೆಯೇ ಇದೆ, ನಿಜವಿದೆ.

ಸ್ಥಳ: ಶಹಾಪುರ
ದಿನಾಂಕ: 12-08-2022, ಬೆಳಿಗ್ಗೆ 9-30
ಸಹಿ: ತಿಮ್ಮಣ್ಣ