ಭಾನುವಾರದ ರಿಪೇರಿ

…ಅದಲ್ಲ ಕಣೇ, ಅದು ಹನ್ನೆರಡರದ್ದು. ಹತ್ತರ ಸ್ಪ್ಯಾನರ್ ಕೊಡು ಅಂದೆ. ಹಾಂ, ಇದೇ. ಸೊಸೆ ಮುಟ್ಟಿದ್ರೆ ನಟ್ಟು ತಾನಾಗೇ ಬಿಚ್ಚಿಕೊಳ್ಳುತ್ತೆ, ಅತ್ತೆ ಮುಟ್ಟಿದ್ರೆ ಅದರ ಥ್ರೆಡ್ಡೇ ಸವೆದುಹೋಗುತ್ತೆ ಅಂತಾನೆ ಮೂಲೆ ಅಂಗಡಿ ರಿಪೇರಿಯವನು. ಅವನ ನಾಲಿಗೆಗೆ ಎಲುಬಿಲ್ಲ. ಯಾಕೆ ನಗ್ತಿದ್ದೀಯ? ಮೂಗಿನ ಮೇಲೆ ಗ್ರೀಸಾ? ಇರಲಿ ಬಿಡು, ಒರೆಸೋಕೆ ಹೋದ್ರೆ ಕನ್ನಡಕಕ್ಕೂ ಮೆತ್ತುತ್ತೆ.

ಆ ಸ್ಟೂಲ್ ಎಳ್ಕೊಂಡು ಕೂತ್ಕೋ. ಮೇಲಿರೋ ಯೂನಿಫಾರಂ ಬಟ್ಟೆ ಹೊಲಿಗೆ ಮಿಷನ್ ಮೇಲೆ ಇಡು… ಮೆಲ್ಲಗೆ, ಇಸ್ತ್ರಿ ಹಾಕಿದ್ದು. ಅಂಗೈಯಗಲದ ಮನೆಯಲ್ಲಿ ಒಂದು ಮಿಷನ್ನು, ಒಂದು ಮಂಚ, ನಡುವೆ ಈ ಮಹಾರಾಯನ ಮೋಟರ್‌ಸೈಕಲ್ಲು. ರಾತ್ರಿ ನೀರಿಗೆ ಎದ್ರೆ ಹ್ಯಾಂಡಲ್ಲು ಪಕ್ಕೆಗೆ ತಿವಿಯುತ್ತೆ. ನಾನೂ ಅದಕ್ಕೆ ಎರಡು ಬೈದು ಮಲಗ್ತೀನಿ.

ಕ್ಲಚ್ ಕೇಬಲ್ಲಾ? ಅಗೋ, ಕಿಟಕಿ ಸರಳಿಗೆ ನೇತುಹಾಕಿದ್ದೀನಿ. ಮೇಲಿನ ತುದಿಗೆ ಪ್ಲಾಸ್ಟಿಕ್ ಚೂರು ಸುತ್ತಿ ಎಣ್ಣೆ ಬಿಟ್ಟಿದ್ದೀನಿ. ಹೊಲಿಗೆ ಮಿಷನ್ನಿಗೆ ಹಾಕೋ ಎಣ್ಣೆಯೇ. ರಿಪೇರಿಯವನು ಮೂಗು ಮುರಿದ. ಮುರೀಲಿ, ಅವನ ಮೂಗು, ಅವನಿಷ್ಟ. ಎಣ್ಣೆ ಒಳಗೊಳಗೇ ಇಳಿದು ಕೆಳಗಿನ ತುದಿಯಲ್ಲಿ ತೊಟ್ಟಿಕ್ಕೋವರೆಗೂ ಕಾಯಬೇಕು. ಅವಸರ ಮಾಡಿದ್ರೆ ಮಧ್ಯದಲ್ಲಿ ಒಣಗಿಯೇ ಇರುತ್ತೆ, ಹೊರಗಿಂದ ಗೊತ್ತೇ ಆಗಲ್ಲ.

ಗೊತ್ತಮ್ಮಾ, ನಿನಗೆ ಅವಸರ. ನಾಳೆ ಬೆಳಗ್ಗೆ ಹೊಸ ಊರು, ಹೊಸ ಕೆಲಸ. ಗಾಡಿ ಓಡಿದ್ರೆ ಇವತ್ತೇ ಸಂಜೆ ಇದರ ಮೇಲೆ ಹೊರಡ್ತೀಯ, ಓಡದಿದ್ರೆ ಬಸ್ಸು. ತಗೊಂಡು ಹೋಗು ಅಂತ ಹೇಳಿದ್ದೂ ನಾನೇ ಅಲ್ವಾ? ನಿನ್ನ ಗಂಡನ ಗಾಡಿ ನಿನಗಲ್ದೆ ಇನ್ಯಾರಿಗೆ? ಈ ಮಂಡಿ ಇಟ್ಕೊಂಡು ನಾನೇನು ಇದರ ಮೇಲೆ ಊರು ಸುತ್ತೋಕಾಗುತ್ತಾ?

ಆದ್ರೆ ಹಾಳಾದ್ದಕ್ಕೆ ಒಂದಲ್ಲ ಒಂದು! ಮೊದಲು ಪ್ಲಗ್ಗು. ಅದು ಸರಿ ಆಯ್ತು ಅನ್ನೋಷ್ಟರಲ್ಲಿ ಮುಂದಿನ ಬ್ರೇಕಿನ ಕೇಬಲ್ಲು. ಆಮೇಲೆ ಚೈನಿನ ಲಾಕು ಎಲ್ಲೋ ಬಿದ್ದುಹೋಯ್ತು… ನೀನೂ ನಾನೂ ನೆಲಕ್ಕೆ ಕೆನ್ನೆ ಇಟ್ಟು ಹುಡುಕಿದ್ವಲ್ಲ, ಮಂಚದ ಕೆಳಗೆ ಹಳೇ ಬಾಚಣಿಗೆ ಸಿಕ್ತು, ಲಾಕು ಸಿಗಲಿಲ್ಲ. ಒಂದು ಸಣ್ಣ ಗಾಡಿಗೆ ಇಷ್ಟು ರೋಗ ಬಂದಿದ್ದು ಇದೇ ಮೊದಲು ಅಂತಾನೆ ಅವನು. ಪ್ರತಿ ಭಾನುವಾರ ನೀನು ಬರೋದು, ಒಂದು ಸರಿ ಮಾಡೋದು, ಇನ್ನೊಂದು ಕೆಡೋದು.

ಹೋದ ವಾರ? ಹೂಂ, ಸ್ಟಾರ್ಟ್ ಆಗಿತ್ತು. ನೀನೇ ಒಂದು ಸುತ್ತು ಹೋಗಿ ಬಂದೆ. ಕ್ಲಚ್ ಗಟ್ಟಿ ಇದೆ, ಬೆರಳು ನೋಯುತ್ತೆ ಅಂದೆ. ಅದಕ್ಕೇ ತಾನೇ ಇವತ್ತು ಈ ಎಣ್ಣೆ ಸ್ನಾನ?

ನೋಡು, ತೊಟ್ಟಿಕ್ತು. ಕೊಡು ಇಲ್ಲಿ. ಕೆಳಗಿನ ತುದಿ ನೀನು ಸಿಕ್ಕಿಸು, ನಿನ್ನ ಬೆರಳು ಸಣ್ಣ. ಲಿವರ್ ಒತ್ತಿ ನೋಡು. ಪೂರ್ತಿ ಬಿಗಿ ಮಾಡಬೇಡ! ಒಂಚೂರು ಆಡೋಕೆ ಬಿಡಬೇಕು, ಇಲ್ಲಾಂದ್ರೆ ಒಳಗೆ ಪ್ಲೇಟು ಸುಟ್ಟುಹೋಗುತ್ತೆ. ನನ್ನ ಮಗ ಹಾಗೇ ಇಟ್ಕೊಂಡಿರ್ತಿದ್ದ. ಎರಡು ಬೆರಳಲ್ಲಿ ಒತ್ತುತ್ತಿದ್ದ, ನೆನಪಿದೆಯಾ?

…ಇಲ್ಲ, ನನಗೇನೂ ಆಗಿಲ್ಲ. ಅವನ ಸುದ್ದಿ ಎತ್ತಿದಾಗಲೆಲ್ಲ ನನ್ನ ಮುಖ ನೋಡಬೇಡ ಅಂತ ಎಷ್ಟು ಸಲ ಹೇಳೋದು? ಜ್ವರ ಅಂತ ಮಲಗಿದ, ಏಳಲಿಲ್ಲ. ನೀನು ಬಾಗಿಲಲ್ಲೇ ಕುಸಿದೆ. ನಾನು ಒಳಗೆ ಹೋಗಿ ಯಾರದ್ದೋ ಕಾಲರ್ ಹೊಲಿದು ಮುಗಿಸಿದೆ, ಮಾರನೇ ದಿನ ಕೊಡಬೇಕಿತ್ತು. ಕಲ್ಲು ಹೆಂಗಸು ಅಂದ್ಲು ಎದುರುಮನೆಯವಳು, ನನ್ನ ಕಿವಿಗೆ ಬೀಳೋ ಹಾಗೇ ಅಂದ್ಲು. ಅನ್ನಲಿ. ಕಾಲು ಮರಗಟ್ಟಿದಾಗ ಚಿವುಟಿದ್ರೂ ಗೊತ್ತಾಗಲ್ವಲ್ಲ, ಹಾಗಿದೆ. ಅವತ್ತೂ ಹಾಗೇ, ಈಗಲೂ ಹಾಗೇ. ಊಟ ಮಾಡ್ತೀನಿ, ನಿದ್ದೆ ಬರುತ್ತೆ, ಬಟ್ಟೆ ಹೊಲೀತೀನಿ. ಅಳು ಮಾತ್ರ ಬರಲ್ಲ. ಬರಿಸ್ಕೊಳ್ಳೋಕೂ ನೋಡಿದೆ ಒಂದ್ಸಲ, ಬಾಗಿಲು ಹಾಕ್ಕೊಂಡು. ಬರಲಿಲ್ಲ.

ನೀನು ನಿಮ್ಮಕ್ಕನ ಮನೆಗೆ ಹೋದಾಗ್ಲೂ ಏನೂ ಅನ್ನಿಸಲಿಲ್ಲ. ಸುಳ್ಳಲ್ಲ ಕಣೇ. ಹೋಗಲಿ, ವಯಸ್ಸಿನ ಹುಡುಗಿ, ಈ ಸಂದಿಯಲ್ಲಿ ನನ್ನ ಗೊರಕೆ ಕೇಳ್ತಾ ಯಾಕಿರಬೇಕು ಅಂತ ನಾನೇ ನಿನ್ನ ಪೆಟ್ಟಿಗೆ ಕಟ್ಟಿದೆ. ಈಗ ಈ ಗಾಡಿ ಒಂದಿದೆ ಅಂತ ಬರ್ತೀಯ. ಅದೂ ಹೋದ ಮೇಲೆ ಈ ಕಡೆ ತಲೆ ಹಾಕೋಕೆ ನಿನಗೇನಿದೆ? …ಬಾ ಅಂತ ಅಂತಿಲ್ಲ ನಾನು! ಸುಮ್ಮನೆ ಹೇಳಿದೆ. ಬಾಯಿಗೆ ಬಂತು, ಹೇಳಿದೆ.

ಸರಿ, ಒದಿ ನೋಡೋಣ. ಕಿಕ್ಕರ್ ಪೂರ್ತಿ ಕೆಳಗೆ ತುಳೀಬೇಕು… ಇನ್ನೊಂದ್ಸಲ… ಚೋಕ್ ಎಳೆದು… ಊಹೂಂ. ನೋಡಿದೆಯಾ? ನಾನು ಹೇಳಲಿಲ್ವಾ? ಇದರ ಹಣೆಬರಹವೇ ಇಷ್ಟು. ಬಿಡು, ಕಾಲು ನೋಯಿಸ್ಕೋಬೇಡ. ಇವತ್ತು ಭಾನುವಾರ, ರಿಪೇರಿ ಅಂಗಡಿನೂ ತೆಗೆದಿರಲ್ಲ. ಟೀ ಕುಡಿದು ಬಸ್ಸಿಗೆ ಹೋಗು, ಬಿಡುವಾದಾಗ ಬಂದು ನೋಡಿದ್ರಾಯ್ತು.

ಪ್ಲಗ್ ಯಾಕೆ ಬಿಚ್ತಿದ್ದೀಯ? ಹೊಸದು ಅದು… ಒಣಗಿದೆಯಾ? ಹಾಗಂದ್ರೇನು? ಪೆಟ್ರೋಲೇ ಬರ್ತಿಲ್ಲ ಅಂತಲಾ? ಟ್ಯಾಂಕ್ ತುಂಬಾ ಇದೆಯಲ್ಲ, ಅಲ್ಲಾಡಿಸಿ ನೋಡು, ಗುಳುಗುಳು ಅನ್ನುತ್ತೆ. ಹಾಗಾದ್ರೆ ಕಾರ್ಬುರೇಟರ್ರೇ ಇರಬೇಕು. ಪೂರ್ತಿ ಹೊಸದೇ ಹಾಕಿಸ್ಬೇಕೇನೋ… ಅದು ಸಿಗೋಕೆ ಟೈಮ್ ಆಗುತ್ತೆ. ಆ ಪೈಪು ಬೇಡ! ಪೆಟ್ರೋಲ್ ಪೈಪು ಸರಿ ಇದೆ ಅಂತ ಹೇಳ್ತಿದ್ದೀನಲ್ಲ. ಈ ವಾರ ನಾನೇ… ಅಂದ್ರೆ, ನಾನೇ ನೋಡಿದ್ದೀನಿ. ಕೇಳು ನನ್ನ ಮಾತು. ಕೈಯೆಲ್ಲ ವಾಸನೆ ಆಗುತ್ತೆ, ನಾಳೆ ಹೊಸ ಕೆಲಸ…

ಟ್ಯಾಂಕಿನ ಕೆಳಗಿನ ನಲ್ಲಿ ಮುಚ್ಚಿದ್ದೀಯ ತಾನೇ? ನೆಲಕ್ಕೆ ಚೆಲ್ಲೀತು.

ಕಸ ಇರಬೇಕು. ಹಳೇ ಟ್ಯಾಂಕು, ತುಕ್ಕು ಉದುರುತ್ತೆ. ಇಲಿಗಿಲಿ ಏನಾದ್ರೂ ಎಳ್ಕೊಂಡು ಬಂದು… ಪೈಪಿನ ಒಳಗೆ ಇಲಿ ಹೇಗೆ ಹೋಗುತ್ತೆ ಅಂತಲಾ? ನನಗೇನು ಗೊತ್ತು, ಇಲಿಯನ್ನ ಕೇಳು.

ಯಾಕೆ ಬೆಳಕಿಗೆ ಹಿಡಿದು ನೋಡ್ತಿದ್ದೀಯ? ಕಸ ಕಸದ ಥರಾ ಇರುತ್ತೆ… ನೀಲಿ ಬಟ್ಟೆ ಚೂರು, ಅಷ್ಟೇ. ಇಡೀ ಮನೆ ತುಂಬಾ ಅದೇ ಚೂರು ಬಿದ್ದಿರುತ್ತೆ, ನನ್ನ ಕೆಲಸವೇ ಅದು. ಹಾರಿ ಹೋಗಿರುತ್ತೆ.

…ಸುತ್ತಲೂ ಹಲ್ಲುಹಲ್ಲಾಗಿ ಕತ್ತರಿಸಿದ ಹಾಗಿದೆ. ಹೌದು. ಕಾಣ್ತಿದೆ ನನಗೂ. ಹಾಗೆ ಹಲ್ಲು ಬರೋದು ಅಂಚು ಕತ್ತರಿಸೋ ದೊಡ್ಡ ಕತ್ತರಿಯಲ್ಲೇ. ಹೌದು, ಆ ಕತ್ತರಿ ಈ ಮನೇಲಿ ನಾನೊಬ್ಬಳೇ ಮುಟ್ಟೋದು.

ಕೊಡು ಇಲ್ಲಿ ಅದನ್ನ.

ಬೈಯಿ ಬೇಕಾದ್ರೆ. ಹೀಗೆ ನೋಡಬೇಡ. ಮಾಮೂಲಿ ಕತ್ತರಿಯಲ್ಲಿ ಕತ್ತರಿಸಿದ್ರೆ ನೂಲು ಬಿಚ್ಚಿಕೊಳ್ಳುತ್ತೆ ಕಣೇ. ನೂಲು ಪೆಟ್ರೋಲ್ ಜೊತೆ ಕೆಳಗೆ ಹೋಗಿ ಕಾರ್ಬುರೇಟರ್‌ಗೆ ಸಿಕ್ಕಿಕೊಂಡ್ರೆ ಗಾಡಿ ನಿಜವಾಗ್ಲೂ ಕೆಟ್ಟುಹೋಗುತ್ತೆ. ಅವನ ಗಾಡಿ ಕೆಡಿಸೋಕಾಗುತ್ತಾ ನನ್ನ ಕೈಯಲ್ಲಿ? ಅದಕ್ಕೇ ಹಲ್ಲು ಕತ್ತರಿಯಲ್ಲಿ… ಹುಷಾರಾಗಿ…

ಮೊದಲನೇ ಸಲ ಪ್ಲಗ್ ಹೋಗಿದ್ದು ನಿಜ. ಆಣೆ. ಆಮೇಲಿನವು… ಆ ಚೈನ್ ಲಾಕು ನನ್ನ ಗುಂಡಿ ಡಬ್ಬಿಯಲ್ಲೇ ಇದೆ. ನೀನು ನೆಲದ ಮೇಲೆ ಕೆನ್ನೆ ಇಟ್ಟು ಹುಡುಕ್ತಿದ್ದಾಗ ನನಗೆ… ಏನೋ ಆಯ್ತು. ಎದೆಯೊಳಗೆ ಚುರುಕ್ ಅಂತು. ನೋವೇ ಅದು. ಅವನು ಹೋದ ಮೇಲೆ ಮೊದಲನೇ ಸಲ ಏನೋ ಒಂದು ಗೊತ್ತಾಗಿದ್ದು. ನೀನು ಎದ್ದು ಹೋದ ಮೇಲೆ ಮತ್ತೆ ಮರಗಟ್ಟಿತು. ನನಗೆ ನೀನು ಬೇಕು ಕಣೇ. ಗಾಡಿ ಬೇಡ, ಏನೂ ಬೇಡ. ಬಾ ಅಂತ ಕೇಳೋಕೆ ಬಾಯಿ ಬರಲಿಲ್ಲ. ಯಾವ ಮುಖ ಇಟ್ಕೊಂಡು ಕೇಳಲಿ? ಅವನೇ ಇಲ್ಲ ಅಂದ ಮೇಲೆ ನಾನು ನಿನಗೆ ಏನಾಗಬೇಕು?

ಈಗಾದ್ರೂ ಒದಿ. ಸ್ಟಾರ್ಟ್ ಆಗುತ್ತೆ. ಪೈಪು ಸಿಕ್ಕಿಸಿ ಹೊರಡು, ಬೆಳಕು ಇರೋವಾಗ್ಲೇ ದಾರಿ ಮುಗಿಯುತ್ತೆ. ನಾನು ಬಾಗಿಲು ತೆಗೀತೀನಿ…

ಏನ್ ಮಾಡ್ತಿದ್ದೀಯ? ಆ ಚೂರನ್ನ ಯಾಕೆ ಸುರುಳಿ ಸುತ್ತುತ್ತಿದ್ದೀಯ? ಬಿಸಾಕು ಅದನ್ನ. ಕೇಳಿಸ್ತಾ? ಏಯ್… ಮತ್ತೆ ಒಳಗೆ ಯಾಕೆ ತುರುಕ್ತಿದ್ದೀಯ ಹುಚ್ಚಿ?

…

ಬಸ್ಸಿಗೇ ಹೋಗ್ತೀಯಾ?

ಅಷ್ಟು ಒಳಗೆ ತಳ್ಳಬೇಡ, ತೆಗೆಯೋಕೆ ಕಷ್ಟ ಆಗುತ್ತೆ. ಹಾಂ, ಅಲ್ಲಿಗೆ ಸಾಕು. ಕ್ಲಿಪ್ಪು ಹಾಕು. ಸರಿ. ಕೈ ತೊಳ್ಕೋ, ಸೋಪು ಅಲ್ಲೇ ಇದೆ. ಮತ್ತೆ ನೋಡು… ಮುಂದಿನ ಭಾನುವಾರ ಬರೋವಾಗ ಹಿಂದಿನ ಚಕ್ರಕ್ಕೆ ಬ್ರೇಕ್ ಶೂ ತಗೊಂಡು ಬಾ. ಇರೋದು ಸವೆದಿಲ್ಲ, ಚೆನ್ನಾಗೇ ಇದೆ. ಆದ್ರೂ ತಗೊಂಡು ಬಾ.