ತಮ್ಮನ ಗಾಳಿಗೆ ಅಡ್ಡ ಕಟ್ಟಿದ ಆಸ್ಪತ್ರೆ

ಒಂದೂರಿನ ಸಾಹುಕಾರನಿಗೆ ಊರಲ್ಲಿ ತನ್ನ ಹೆಸರಿನ ಕೂಸು ಒಂದೂ ಇರಲಿಲ್ಲ. ಹತ್ತಿ ಮಿಲ್ಲಿತ್ತು, ಕಾರಿತ್ತು, ಕರೆದರೆ ಓಡಿಬರುವ ಆಳುಗಳಿದ್ದರು. ಆದರೆ ಅವನ ಹೆಸರನ್ನು ತಮ್ಮ ಮಗುವಿಗೆ ಇಟ್ಟವರು ಒಬ್ಬರೂ ಇರಲಿಲ್ಲ.

ಇದೂ ಒಂದು ಕೊರತೆಯೇ ಎನ್ನುತ್ತೀರಾ? ನೋಡಿ, ಹೊಟ್ಟೆಕಿಚ್ಚಿಗೆ ಇಷ್ಟು ಸೌದೆ ಸಾಕು. ಅವನ ಚಿಕ್ಕಪ್ಪನ ಮಗ ಗುರುಸಿದ್ಧ ಅದೇ ಊರಲ್ಲಿ ಡಾಕ್ಟರು. ಅವನ ಆಸ್ಪತ್ರೆಯಲ್ಲಿ ಹೆತ್ತವರು, ಗಂಡಾದರೆ ಹಿಂದೆಮುಂದೆ ನೋಡದೆ ಗುರುಸಿದ್ಧ ಎಂದೇ ಹೆಸರಿಡುತ್ತಿದ್ದರು. ಸಾಹುಕಾರ ಪೇಟೆಯಲ್ಲಿ ನಡೆದರೆ ಯಾವಳೋ ಒಬ್ಬಳು ಕೂಗುವಳು: "ಏ ಗುರುಸಿದ್ಧ್ಯಾ, ಬಾರೋ ಇಲ್ಲೆ, ಮೂಗ ಒರಸ್ತೀನಿ!" ಕೂಗಿದ್ದು ಮಗುವನ್ನು. ಉರಿದದ್ದು ಸಾಹುಕಾರನ ಎದೆ.

ಆ ಆಸ್ಪತ್ರೆಯಲ್ಲಿ ಅಂಥದ್ದೇನಿತ್ತು? ಕಣ್ಣಿಗೆ ಹೊಡೆಯುವಂಥದ್ದು ಏನೂ ಇರಲಿಲ್ಲ. ಒಂದೇ ಅಂತಸ್ತು. ಊರ ಕಲ್ಲಿನ ದಪ್ಪ ಗೋಡೆ, ನಡುವೆ ಅಂಗಳ, ಅಂಗಳದಲ್ಲಿ ಬೇವು. ಚಾವಣಿಗೆ ಸುಣ್ಣ ಬಳಿದಿದ್ದರು. ಅದರ ಮೇಲೆ ಬಿದ್ದ ಮಳೆ ಕೆಳಗಿನ ತೊಟ್ಟಿಗೆ ಇಳಿಯುತ್ತಿತ್ತು. ಪಡುವಣ ಗಾಳಿ ಕಿಟಕಿಯಿಂದ ಒಳಬಂದು ಮೇಲಿನ ಗವಾಕ್ಷಿಯಿಂದ ಹೊರಹೋಗುತ್ತಿತ್ತು. ಎಸಿ ಇದ್ದದ್ದು ಆಪರೇಷನ್ ಕೋಣೆಗೆ ಮಾತ್ರ, ಅದೂ ಬಿಸಿಲಿನಿಂದ ಮಾಡಿದ ಕರೆಂಟಿನಲ್ಲಿ. ಕಟ್ಟಡದ ಖರ್ಚು ಕಡಿಮೆ, ಆದ್ದರಿಂದ ರೋಗಿಯ ಖರ್ಚೂ ಕಡಿಮೆ. ಇದರಲ್ಲಿ ಪವಾಡ ಏನೂ ಇಲ್ಲ.

ಸಾಹುಕಾರ ಒಮ್ಮೆ ನೋಡಲು ಹೋದ. ಅಂಗಳದಲ್ಲಿ ನಿಂತು ಮೂಗು ಮುರಿದ. "ಇದೇನೋ ತಮ್ಮಾ, ದವಾಖಾನಿಯೋ, ದನದ ಕೊಟ್ಟಿಗಿಯೋ?"

"ದನಕ್ಕರ ಗಾಳಿ ಬಿಡ್ತೀವಿ ಅಣ್ಣಾ," ಎಂದು ತಮ್ಮ ನಕ್ಕ. "ಮನಷಾರು ಏನ್ ಪಾಪ ಮಾಡ್ಯಾರ?"

ಸುತ್ತಲಿದ್ದ ಬಾಣಂತಿಯರೂ ನಕ್ಕರು. ಆ ನಗು ಸಾಹುಕಾರನಿಗೆ ಜೀರ್ಣವಾಗಲಿಲ್ಲ. ಊಟ ಜೀರ್ಣವಾಗುತ್ತದೆ, ಬೈಗುಳ ಜೀರ್ಣವಾಗುತ್ತದೆ, ದಾಯಾದಿಯ ಎದುರು ಆದ ನಗೆ ಜೀರ್ಣವಾಗುವುದಿಲ್ಲ.

ಅವನು ತಮ್ಮನ ಆಸ್ಪತ್ರೆಯ ಪಡುವಣ ಬದಿಯ ಜಾಗ ಕೊಂಡ. ಅಲ್ಲಿ ತಾನೂ ಒಂದು ಆಸ್ಪತ್ರೆ ಕಟ್ಟಿದ. ಐದಂತಸ್ತು, ಮೈತುಂಬ ಗಾಜು, ತೆರೆಯಲು ಬಾರದ ಕಿಟಕಿ, ಕೋಣೆಕೋಣೆಗೂ ಎಸಿ. ಎಂಜಿನಿಯರು ಹೇಳಿದ: "ಸಾಹುಕಾರ್ರ, ಇಂಥಾ ಬಿಸಲನಾಡಿಗೆ ಇಷ್ಟ ಗಾಜು ಬ್ಯಾಡ್ರಿ. ಒಲಿ ಆಗ್ತೈತಿ. ಮ್ಯಾಲ ಡಾಕ್ಟರ ದವಾಖಾನಿ ಗಾಳಿನೂ ಕಟ್ಟತೈತಿ."

"ಗಾಳಿ ಕಟ್ಟಾಕಽ ಕಟ್ಟಸಾಕತ್ತೀನಿ. ನೀ ಗಾಜ ಹಾಕು."

ಯೋಚಿಸಿ. ಅವನು ರೋಗಿಗಾಗಿ ಕಟ್ಟಿದನೇ? ಗೋಡೆಯೊಳಗೆ ಮಲಗುವವರ ಬಗ್ಗೆ ಒಂದು ಗಳಿಗೆಯಾದರೂ ನೆನೆದನೇ? ಅವನ ನಕ್ಷೆಯಲ್ಲಿ ಇದ್ದದ್ದು ಒಂದೇ: ಗುರುಸಿದ್ಧ.

ಎಣಿಸಿದಂತೆಯೇ ಆಯಿತು. ತಮ್ಮನ ಹೆರಿಗೆ ವಾರ್ಡಿಗೆ ಗಾಳಿ ನಿಂತಿತು. ಮುಂಜಾನೆಯ ಬಿಸಿಲು ಗಾಜಿಗೆ ಬಡಿದು ತಿರುಗಿ ತೊಟ್ಟಿಲುಗಳ ಮೇಲೆ ಬಿತ್ತು. ಗುರುಸಿದ್ಧ ಆ ವಾರ್ಡು ಮುಚ್ಚಿ, ಹೆರಿಗೆಗೆ ಒಳಗಿನ ಸಣ್ಣ ಕೋಣೆಯೊಂದನ್ನು ಮಾತ್ರ ಉಳಿಸಿಕೊಂಡ. ಅಂದು ಸಾಹುಕಾರ ಮಿಲ್ಲಿನವರಿಗೆಲ್ಲ ಪೇಢೆ ಹಂಚಿದ.

ಆದರೆ ಅವನ ಆಸ್ಪತ್ರೆಗೆ ಜನ ಬರಲಿಲ್ಲ. ಎಸಿಯ ಖರ್ಚು ರೋಗಿಯ ಬಿಲ್ಲಿಗೆ ಸೇರಿದರೆ ಯಾರು ಬಂದಾರು? ಖರ್ಚು ತಡೆಯಲಾರದೆ ಅವನು ಜನರೇಟರಿನ ಡೀಸೆಲ್ ಕಡಿಮೆ ಮಾಡಿಸಿದ, ಡಾಕ್ಟರನ್ನೂ ಮುಂಜಾನೆ ಮಾತ್ರ ಕರೆಸತೊಡಗಿದ.

ಅಷ್ಟರಲ್ಲಿ ಸಾಹುಕಾರನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. "ಅಪ್ಪಾ, ನಾ ಕಾಕಾನ ಕಡೆ ಹಡೀತೀನಿ."

"ಮಗಳಽ ಆಕಡಿ ಹೋದರ ಮಂದಿ ನನ್ನ ಮಾರಿಮ್ಯಾಲ ಉಗಳ್ತಾರ," ಎಂದ ಸಾಹುಕಾರ. ಐದನೇ ಅಂತಸ್ತಿನ ದೊಡ್ಡ ಕೋಣೆ ಕೊಟ್ಟ. ಹೆಣ್ಣುಕೂಸು ಹುಟ್ಟಿತು, ಗಟ್ಟಿಯಾಗಿತ್ತು, ಚೆನ್ನಾಗಿ ಅತ್ತಿತು.

ಮೂರನೆಯ ದಿನ ಮಧ್ಯಾಹ್ನ ಕರೆಂಟ್ ಹೋಯಿತು. ಜನರೇಟರು ಸ್ವಲ್ಪ ಹೊತ್ತು ಕೆಮ್ಮಿ ನಿಂತಿತು. ಗಾಜಿನ ಕೋಣೆ ಕಾಯತೊಡಗಿತು. ಕೂಸಿನ ಮೈಯೂ ಸುಡತೊಡಗಿತು. ಅದು ಹಾಲು ಬಿಟ್ಟಿತು, ಅಳುವುದನ್ನೂ ಬಿಟ್ಟಿತು.

"ಕಾಕಾನ ಕಡೆ ಒಯ್ಯೋಣಪಾ, ಎದುರಿಗೇ ಐತಲ್ಲ!"

ಸಾಹುಕಾರ ಕೆಳಗೆ ನೋಡಿದ. ತಮ್ಮನ ಬಾಗಿಲಲ್ಲಿ ಜನ ನಿಂತಿದ್ದರು. ಕೂಸನ್ನೆತ್ತಿಕೊಂಡು ಅವರ ನಡುವೆ ಹಾದುಹೋಗಬೇಕಿತ್ತು. "ತಡಿಯವ್ವಾ, ಡೀಸೆಲ್ ತರಾಕ ಕಳಿಸೀನಿ." ಮತ್ತೆ ಸ್ವಲ್ಪ ಹೊತ್ತಿಗೆ, "ಈಗ ಬರ್ತೈತಿ, ತಡಿ." ತಡಿ, ತಡಿ ಎನ್ನುತ್ತಲೇ ಹೊತ್ತು ಇಳಿಯಿತು.

ಕೊನೆಗೆ ಮಗಳೇ ಹಸಿ ಮೈಯಲ್ಲಿ ಕೂಸನ್ನೆತ್ತಿಕೊಂಡು ಮೆಟ್ಟಿಲಿಳಿದಳು. ಅವನು ಹಿಂದೆ ಹೋದ. ಗುರುಸಿದ್ಧ ಕೂಸನ್ನು ತಂಪಾದ ಆಪರೇಷನ್ ಕೋಣೆಗೆ ಒಯ್ದ. ಗೋಡೆಯ ಮಾತೆತ್ತಲಿಲ್ಲ, ವಾರ್ಡಿನ ಮಾತೆತ್ತಲಿಲ್ಲ. ಕೇಳಿದ್ದು ಇಷ್ಟೇ: "ಯಾವಾಗಿಂದ ಸುಡಾಕತ್ತೈತಿ ಮೈ?"

ಮಗಳು ಹೇಳಿದಳು: "ಮಧ್ಯಾನ್ನದಿಂದ, ಕಾಕಾ. ಅಪ್ಪ ಇಳಸಗೊಡಲಿಲ್ಲ."

ಸಂಜೆಗೆ ಕೂಸು ಹೋಯಿತು.

ಈಗ, ಊರ ಹಿರಿಯರೇ, ನಿಮ್ಮ ಮಾತಿಗೆ ಬರೋಣ. ಈ ಊರಿಗೂ ಒಂದು ಆಸ್ಪತ್ರೆ ಕಟ್ಟಬೇಕೆಂದು ಹೊರಟಿದ್ದೀರಿ, ಒಳ್ಳೆಯದು. ಆದರೆ ನಿನ್ನೆಯ ಸಭೆಯಲ್ಲಿ ಮೊದಲು ಎದ್ದ ಮಾತು ಯಾವುದು? "ಪಕ್ಕದೂರಿನದಕ್ಕಿಂತ ಒಂದು ಅಂತಸ್ತು ಹೆಚ್ಚಿರಲಿ." ಯಾಕೆ? ನಿಮ್ಮೂರಲ್ಲಿ ರೋಗ ಹೆಚ್ಚಿದೆಯೇ? ನಾಳೆ ನಕ್ಷೆ ಹರಡಿದಾಗ ಪಕ್ಕದೂರನ್ನು ಮರೆಯಿರಿ. ಗಾಳಿ ಯಾವ ಕಡೆಯಿಂದ ಬರುತ್ತದೆ, ಕೇಳಿ. ಕರೆಂಟ್ ಹೋದರೆ ಬಾಣಂತಿ ಹೇಗೆ ಮಲಗುತ್ತಾಳೆ, ಕೇಳಿ. ಕೂಲಿಯವನು ಬಿಲ್ಲು ಕಟ್ಟಬಲ್ಲನೇ, ಕೇಳಿ. ಮನೆಗೆ ಹೋದ ಮೇಲೆ, ಪಕ್ಕದವರ ಕಿಟಕಿಗೆ ಅಡ್ಡವಾಗಿ ಬೇಕೆಂದೇ ಎತ್ತಿದ ಗೋಡೆಯಿದ್ದರೆ ಇಳಿಸಿ. ಎದುರಾಳಿ ಒಳ್ಳೆಯದು ಮಾಡಿದ್ದರೆ ಅವನ ಬಾಗಿಲಿಗೆ ಹೋಗಿ ಕೇಳಿ ಕಲಿಯಿರಿ. ಮಾನ ಹೋಗುವುದಿಲ್ಲ.

ಆ ಊರಲ್ಲಿ ಹೋದದ್ದು ಇಷ್ಟು. ಹೆರಿಗೆ ವಾರ್ಡು ಒಂದು. ತವರಿಗೆ ಮತ್ತೆ ಕಾಲಿಡದ ಮಗಳು ಒಬ್ಬಳು. ಮೂರು ದಿನದ ಹೆಣ್ಣುಕೂಸು ಒಂದು.